ಫಿಷರ್ಸ್ ಹಾರ್ನ್‌ಪೈಪ್: ಒಬ್ಬ ಬರಹಗಾರರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಫಿಷರ್ಸ್ ಹಾರ್ನ್‌ಪೈಪ್ ಎಂಬ ಇಂಗ್ಲಿಷ್ ಕುಣಿತದ ಧಾಟಿಯನ್ನು ಪಿಟೀಲಿನಲ್ಲಿ ನುಡಿಸುವುದು ಹೇಗೆ, ಅದು ಬಂದದ್ದು ಎಲ್ಲಿಂದ ಎಂದು ನೀವು ಬರೆದು ಕಳಿಸಿದ ಲೇಖನವನ್ನು ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಕರ್ನಾಟಕ ಸಂಗೀತ ಕಲಿತವರು ಇಂಥ ಧಾಟಿಯ ಬೆನ್ನುಹತ್ತಿದ್ದು ನಮಗೆ ತುಂಬ ಇಷ್ಟವಾಯಿತು. ಆದರೆ ಮೂಲದ ಬಗ್ಗೆ ಮೂರು ಪುಟ ಊಹೆ ಇದೆ, ನುಡಿಸುವ ಬಗ್ಗೆ ಅರ್ಧ ಪುಟವೂ ಇಲ್ಲ.

ಮೊದಲು ಕರ್ತೃವಿನ ವಿಚಾರ. ಓಬೋ ಎಂಬ ಊದುವ ವಾದ್ಯ ನುಡಿಸುತ್ತಿದ್ದ ಯೋಹಾನ್ ಕ್ರಿಶ್ಚಿಯನ್ ಫಿಷರ್ ಇದನ್ನು ರಚಿಸಿದ ಎಂದು ಖಡಾಖಂಡಿತವಾಗಿ ಬರೆದಿದ್ದೀರಿ. ಆತ ಹೆಸರುವಾಸಿ: ಅವನ ಒಂದು ಮಿನುಯೆಟ್ (ಮೂರರ ನಡೆಯ ಕುಣಿತದ ಧಾಟಿ) ಮೇಲೆ ಮೊಜಾರ್ಟ್ 1774ರಲ್ಲಿ ವೇರಿಯೇಷನ್‌ಗಳನ್ನು, ಅಂದರೆ ಅದನ್ನೇ ಬಗೆಬಗೆಯಾಗಿ ಬದಲಿಸಿದ ರೂಪಗಳನ್ನು, ಬರೆದ, ಚಿತ್ರಕಾರ ಗೇನ್ಸ್‌ಬರೊ ಅವನಿಗೆ ಹೆಣ್ಣು ಕೊಟ್ಟ ಮಾವ. ಆ ಹೆಸರಿನ ಬಲದಿಂದಲೇ ಧಾಟಿಯೂ ಅವನ ತಲೆಗೆ ಬಂದಿದೆ. ಇದು ಅಚ್ಚಿನಲ್ಲಿ ಸಿಗುವುದು 1780ರ ಆಸುಪಾಸಿನಲ್ಲಿ, ಕೋವೆಂಟ್ ಗಾರ್ಡನ್ ರಂಗಮಂದಿರದ ನರ್ತಕ ಜೆ. ಫಿಷಾರ್ ಲಂಡನ್ನಿನಲ್ಲಿ ಹೊರತಂದ ನೃತ್ಯಸಂಗ್ರಹದಲ್ಲಿ. ಅದರಲ್ಲಿ 12 ಹಾರ್ನ್‌ಪೈಪ್‌ಗಳಿವೆ. ನಮ್ಮ ಧಾಟಿ ಮೊದಲನೆಯದು. ಅದಕ್ಕೆ ಹೆಸರಿಲ್ಲ, ಕ್ರಮಸಂಖ್ಯೆ ಮಾತ್ರ. ಹಾಗೆಂದು ಓಬೋದವನನ್ನು ತೆಗೆದು ನರ್ತಕನನ್ನು ಕೂರಿಸಿದರೆ ಕೆಲಸ ಮುಗಿಯಲಿಲ್ಲ. ಅಚ್ಚಿನ ವರ್ಷ ಹೇಳುವುದು ‘ಇದಕ್ಕಿಂತ ಈಚಿನದಲ್ಲ’ ಎಂಬುದನ್ನಷ್ಟೇ. ಡ್ಯುರಾಂಗ್ಸ್ ಹಾರ್ನ್‌ಪೈಪ್ ಜೊತೆ ಹೋಲಿಸಿ ನೋಡಿ: ಅಮೆರಿಕದ ನರ್ತಕ ಜಾನ್ ಡ್ಯುರಾಂಗ್ ತನ್ನ ನೆನಪಿನ ಬರಹದಲ್ಲಿ, 1785ರಲ್ಲಿ ನ್ಯೂಯಾರ್ಕಿನಲ್ಲಿ ಹಾಫ್‌ಮಾಸ್ಟರ್ ಎಂಬ ಪಿಟೀಲುಗಾರ ಅದನ್ನು ತನಗಾಗಿ ಕಟ್ಟಿಕೊಟ್ಟ ಎಂದು ದಾಖಲಿಸಿದ್ದಾನೆ. ಅಂಥ ಸಾಕ್ಷ್ಯ ಕೈಯಲ್ಲಿದ್ದಾಗ ‘ರಚಿಸಿದ’ ಎನ್ನಿ. ಇಲ್ಲಿ ‘ಫಿಷಾರ್ ಅಚ್ಚು ಹಾಕಿಸಿದ’ ಎಂದರೆ ಸಾಕು.

ನಾವಿಕರು ಹಡಗಿನಲ್ಲಿ ಹುಟ್ಟಿಸಿದ ಧಾಟಿ ಎಂಬ ಪ್ಯಾರಾ ಪೂರ್ತಿ ಹೋಗಲಿ. ಹದಿನೆಂಟನೆಯ ಶತಮಾನದಲ್ಲಿ ಹಾರ್ನ್‌ಪೈಪನ್ನು ಬೆಳೆಸಿದ್ದು ಲಂಡನ್ನಿನ ನಾಟಕಶಾಲೆಗಳು. ಅಂಕಗಳ ನಡುವೆ ನರ್ತಕರು, ಎಷ್ಟೋ ಸಲ ನಾವಿಕವೇಷದಲ್ಲೇ, ಅದನ್ನು ಕುಣಿಯುತ್ತಿದ್ದರು. ಸಂಗೀತ ರಚನಕಾರ ಹ್ಯಾಂಡಲ್‌ನ 1717ರ ಹಾರ್ನ್‌ಪೈಪನ್ನು ಇದರ ಪೂರ್ವಜ ಎಂದಿರುವುದೂ ತಪ್ಪು. ಅದು 3/2, ಅಂದರೆ ಮೂರು ದೊಡ್ಡ ಪೆಟ್ಟಿನ ಹಳೆಯ ಬಗೆ. ಇದು ನಾಲ್ಕರ ನಡೆ. ಹೆಸರು ಒಂದೇ ಆದ ಮಾತ್ರಕ್ಕೆ ವಂಶ ಒಂದಾಗದು.

ಹುಡುಕುವಾಗ ಶೀರ್ಷಿಕೆಯನ್ನು ನಂಬಬೇಡಿ. ಕಾಲೇಜ್ ಹಾರ್ನ್‌ಪೈಪ್, ಜ್ಯಾಕ್ಸ್ ದ ಲ್ಯಾಡ್, ಸೈಲರ್ಸ್ ಹಾರ್ನ್‌ಪೈಪ್ ಮೂರೂ ಒಂದೇ ಧಾಟಿ, ಆದರೆ ನಮ್ಮದಲ್ಲ, ಬೇರೊಂದು. ನಮ್ಮ ಧಾಟಿಯ ಮೊದಲ ನಾಲ್ಕು ಬಾರ್‌ಗಳ (ಪಾಶ್ಚಾತ್ಯ ಲಿಪಿಯಲ್ಲಿ ಗೆರೆ ಹಾಕಿ ಬೇರ್ಪಡಿಸುವ ತಾಳದ ಅಳತೆಗಳ) ಸ್ವರಗಳನ್ನು ಷಡ್ಜಕ್ಕೆ ಹೊಂದಿಸಿ ಸರಿಗಮದಲ್ಲಿ ಬರೆದುಕೊಳ್ಳಿ, ಪೆಟ್ಟಿನ ಮೇಲೆ ಬೀಳುವ ಸ್ವರಗಳಿಗೆ ಗೆರೆ ಎಳೆಯಿರಿ. ಪಾಠಾಂತರಗಳಲ್ಲಿ ನಡುವಿನ ಸ್ವರಗಳು ಸುಲಭವಾಗಿ ಬದಲಾಗುತ್ತವೆ, ಗೆರೆ ಎಳೆದವು ಅಷ್ಟಾಗಿ ಬದಲಾಗುವುದಿಲ್ಲ. ಆಮೇಲೆ ಬಾಸ್ಟನ್ನಿನಲ್ಲಿ 1883ರಲ್ಲಿ ಬಂದ ರಯನ್ ಸಂಗ್ರಹ, ಷಿಕಾಗೋದಲ್ಲಿ ಫ್ರಾನ್ಸಿಸ್ ಓನೀಲ್ 1903ರಲ್ಲಿ ತಂದ 1850 ಧಾಟಿಗಳ ಸಂಗ್ರಹ, ಹಳ್ಳಿಯ ಪಿಟೀಲುಗಾರರ ಕೈಬರಹದ ಪುಸ್ತಕಗಳು, ಇವುಗಳ ಜೊತೆ ಹೋಲಿಸಿ. ಪ್ರತಿ ಪಾಠಕ್ಕೂ ವರ್ಷ, ಊರು, ಶ್ರುತಿ ಬರೆಯಿರಿ. ಈ ಧಾಟಿಗೆ ಎಫ್ ಮೇಜರ್, ಡಿ ಮೇಜರ್ (ಎಫ್ ಅಥವಾ ಡಿ ಸ್ವರವನ್ನು ಷಡ್ಜವಾಗಿಸಿದವು) ಎರಡೂ ಬಳಕೆಯಲ್ಲಿವೆ, ಹಾಗಾಗಿ ಶ್ರುತಿಯನ್ನು ಬಿಡುವಂತಿಲ್ಲ.

ಇನ್ನು ನುಡಿಸುವುದು. ಲೇಖನಕ್ಕೆ ಜೀವ ಬರಬೇಕಾದದ್ದು ಇಲ್ಲೇ, ನಿಮ್ಮಂಥವರೇ ಬರೆಯಬೇಕಾದದ್ದೂ ಇದನ್ನೇ. ಎಂಟೆಂಟು ಬಾರ್‌ಗಳ ಎರಡು ಭಾಗ, ಪ್ರತಿಯೊಂದೂ ಎರಡು ಸಲ, ಒಟ್ಟು 32. ಮೊದಲ ಭಾಗ ತಾರಷಡ್ಜದಿಂದ ಪ, ಗ ಎಂದು ಇಳಿಯುತ್ತದೆ. ಸ-ಪ-ಸ-ಪ ಶ್ರುತಿಯ ನಮ್ಮ ಪಿಟೀಲಿನಲ್ಲಿ ಇದಕ್ಕೆ ಬೆರಳಿಡುವ ಜಾಗ ಡಿ ಮೇಜರ್‌ನಲ್ಲಿ ನುಡಿಸುವ ಪಾಶ್ಚಾತ್ಯ ಪಿಟೀಲಿನದ್ದೇ: ನಮ್ಮ ಮೇಲಿನ ತಂತಿಯಲ್ಲಿ (ಅವರ ಎ ತಂತಿ) ಮೂರನೆಯ ಬೆರಳು, ಅದೇ ತಂತಿ ಖಾಲಿ, ಪಕ್ಕದ ತಂತಿಯಲ್ಲಿ ಎರಡನೆಯ ಬೆರಳು. ತೊಡಕು ಎರಡನೆಯ ಭಾಗದಲ್ಲಿ. ಅಲ್ಲಿನ ತಾರಸ್ಥಾಯಿಯ ರಿ ಗ ಮ ಸ್ವರಗಳು ಪಾಶ್ಚಾತ್ಯರಿಗೆ ಅದಕ್ಕೂ ಮೇಲಿನ ಇ ತಂತಿಯಲ್ಲಿ ಕೈ ಕದಲಿಸದೆ ಸಿಗುತ್ತವೆ. ನಮಗೆ ಆ ತಂತಿಯಿಲ್ಲ, ಕೈಯನ್ನು ಮೇಲಕ್ಕೆ ಜರುಗಿಸಬೇಕು. ವೇಗದಲ್ಲಿ ಜಾರು ಕೇಳಿಸಿದರೆ ಕುಣಿತ ಕೆಟ್ಟಿತು. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ನಡೆಯ ಬಗ್ಗೆ ‘ಚುಕ್ಕಿ ಇಟ್ಟಂತೆ ನುಡಿಸಿ’ ಎಂದಿದ್ದೀರಿ. ಪಾಶ್ಚಾತ್ಯ ಲಿಪಿಯ ಚುಕ್ಕಿಯನ್ನು ಅಕ್ಷರಶಃ ಹಿಡಿದರೆ ಉದ್ದ ಸ್ವರಕ್ಕೂ ಚಿಕ್ಕ ಸ್ವರಕ್ಕೂ ಪಾಲು ಮೂರಕ್ಕೆ ಒಂದು, ಧಾಟಿ ಕುಂಟುತ್ತದೆ. ಬೇಕಾದದ್ದು ತಿಶ್ರಕ್ಕೆ (ಮೂರೆಣಿಕೆಯ ನಡೆಗೆ) ಹತ್ತಿರದ, ಎರಡಕ್ಕೆ ಒಂದರ ಪಾಲು. ಬಾಯಲ್ಲಿ ‘ತಕಿಟ’ ಹೇಳುತ್ತ ‘ತಕಿ’ಗೆ ಉದ್ದ ಸ್ವರ, ‘ಟ’ಕ್ಕೆ ಚಿಕ್ಕ ಸ್ವರ ಇಟ್ಟು ಅಭ್ಯಾಸ ಮಾಡಬೇಕು. ಪ್ರತಿ ಸ್ವರಕ್ಕೂ ಕಮಾನು ತಿರುಗಿಸಿದರೆ ಉದ್ದ ಸ್ವರವೆಲ್ಲ ಒಂದೇ ದಿಕ್ಕಿಗೆ ಬೀಳುತ್ತದೆ, ನಾಲ್ಕಾರು ಬಾರ್‌ಗಳಲ್ಲಿ ಕಮಾನು ತುದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಲ್ಲಿ ಚಿಕ್ಕ ಸ್ವರವನ್ನು ಮುಂದಿನ ಉದ್ದ ಸ್ವರದ ಜೊತೆ ಒಂದೇ ಎಳೆತದಲ್ಲಿ ಸೇರಿಸಿದರೆ ಇದು ಸರಿಹೋಗುತ್ತದೆ; ಲಯಕ್ಕೆ ಪುಟಿತವೂ ಬರುತ್ತದೆ. ಶಂಕರಾಭರಣದ ಸ್ವರಗಳೇ ಆದರೂ ಮ, ನಿ ಎರಡನ್ನೂ ಅಲುಗಿಸದೆ ನೇರವಾಗಿ ನಿಲ್ಲಿಸಿ.

ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು (ಪಾಶ್ಚಾತ್ಯ ಧಾಟಿಗಳ ಮೇಲೆ ಕಟ್ಟಿದ ಕೃತಿಗಳನ್ನು) ನೆನೆದದ್ದು ಸರಿಯೇ, ಗಮಕವಿಲ್ಲದೆ ನುಡಿಸುವ ರೂಢಿ ನಮ್ಮಲ್ಲಿ ಅಲ್ಲಿ ಸಿಗುತ್ತದೆ. ಆದರೆ ‘ವಂದೇ ಮೀನಾಕ್ಷಿ’ಯ ಧಾಟಿ ಹಾರ್ನ್‌ಪೈಪ್ ಅಲ್ಲ, ರೇಕ್ಸ್ ಆಫ್ ಮ್ಯಾಲೊ ಎಂಬ ಬೇರೆ ಧಾಟಿ. ನೊಟ್ಟುಸ್ವರದ ಮಾತನ್ನು ನುಡಿಸುವ ಭಾಗಕ್ಕೆ ತನ್ನಿ, ಮೂಲದ ಭಾಗದಿಂದ ತೆಗೆಯಿರಿ.

ಮೂಲದ ಚರ್ಚೆಯನ್ನು ಒಂದು ಪುಟಕ್ಕೆ ಇಳಿಸಿ, ಎರಡೂ ಭಾಗಗಳ ಪೂರ್ತಿ ಸ್ವರಲಿಪಿಯನ್ನು ಕಮಾನಿನ ಗುರುತು ಹಾಕಿ ಸೇರಿಸಿ, ಕೈ ಜರುಗಿಸುವ ಜಾಗಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ ಕಳಿಸಿ. ಮತ್ತೆ ಓದುತ್ತೇವೆ.

ಇತಿ,
ಸಂಪಾದಕರು