ಪ್ರಸಾರಕ್ಕೆ ಇನ್ನೂ ಮೂರು ವಾರ

(ಗುರುತು ಸಿಗಬಾರದೆಂದು ವೃತ್ತಿ, ಮನೆಯವರ ವಿವರ, ಕಾರ್ಯಕ್ರಮದ ಸ್ವರೂಪ ಎಲ್ಲವನ್ನೂ ಬದಲಿಸಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆಯಿಂದಲೇ ಬರೆದಿರುವ ಪ್ರಕರಣ.)

ಅವರು ಬಂದಿದ್ದು ಮರೆವಿನ ದೂರು ಹೊತ್ತು. ನಲವತ್ತೈದರ ಆಸುಪಾಸಿನ ಗ್ರಂಥಪಾಲಕಿ. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, "ಮೇಡಂ, ನನಗೆ ಡಿಮೆನ್ಷಿಯಾ ಶುರುವಾಗಿರಬೇಕು. ಯಾವ ಡಾಕ್ಟರ ಹತ್ತಿರ ಹೋಗಲಿ, ಅದನ್ನಷ್ಟೇ ಹೇಳಿಬಿಡಿ" ಎಂದರು.

ಕೆಲಸದಲ್ಲಿ ಏನಾದರೂ ಎಡವಟ್ಟಾಗಿದೆಯೇ, ದಾರಿ ತಪ್ಪಿದ್ದುಂಟೇ, ಹೇಳಿದ್ದನ್ನೇ ಮತ್ತೆ ಹೇಳುತ್ತೀರಿ ಎಂದು ಮನೆಯವರು ಅಂದಿದ್ದಾರೆಯೇ ಎಂದೆಲ್ಲ ಕೇಳಿದೆ. ಯಾವುದೂ ಇಲ್ಲ. ಅವರು ಮರೆತಿದ್ದು ಒಂದೇ ಸಲ, ಒಂದೇ ಹೆಸರು. ಆದರೆ ಟಿವಿ ಕ್ಯಾಮೆರಾಗಳ ಮುಂದೆ.

ಸಾಮಾನ್ಯ ಜ್ಞಾನದ ರಸಪ್ರಶ್ನೆ ಕಾರ್ಯಕ್ರಮವೊಂದಕ್ಕೆ ಆಯ್ಕೆಯಾಗಿದ್ದರು. ಮೂವರು ಸ್ಪರ್ಧಿಗಳು, ಮೂರು ಬಜರ್. ಕೊನೆಯ ಸುತ್ತಿನವರೆಗೂ ಮುಂದಿದ್ದರು. ನಿರೂಪಕರು "ಸೌರಮಂಡಲದ ಅತಿ ದೊಡ್ಡ ಉಪ..." ಎನ್ನುವಷ್ಟರಲ್ಲಿ ಬಜರ್ ಒತ್ತಿದರು. ಉತ್ತರ ಗ್ಯಾನಿಮೀಡ್. ಗುರುವಿನ ಉಪಗ್ರಹ, 1610ರಲ್ಲಿ ಗೆಲಿಲಿಯೋ ಕಂಡದ್ದು, ಬುಧ ಗ್ರಹಕ್ಕಿಂತಲೂ ದೊಡ್ಡದು. ಇಷ್ಟನ್ನೂ ನನ್ನೆದುರು ಒಂದೇ ಉಸಿರಿನಲ್ಲಿ ಹೇಳಿದರು. ಅಂದು ಬಾಯಿಗೆ ಬಂದಿದ್ದು ಶನಿಯ ಉಪಗ್ರಹ 'ಟೈಟನ್'. ಅದು ತಪ್ಪು ಎಂದು ಹೇಳುವಾಗಲೇ ಗೊತ್ತಿತ್ತಂತೆ. ಆದರೆ ಸೆಕೆಂಡುಗಳು ಓಡುತ್ತಿದ್ದವು, ಬೇರೆ ಹೆಸರು ಬರಲೊಲ್ಲದು. ಅಂಕ ಕಳೆಯಿತು, ಪಂದ್ಯವೂ ಕೈತಪ್ಪಿತು.

"ಹಿಂದಿನ ರಾತ್ರಿ ಏನು ಓದಿದ್ದಿರಿ?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿ ಹೇಳಿದರು: ಬಾಹ್ಯಾಕಾಶ ಯಾನಗಳ ಪಟ್ಟಿ. ಅದರಲ್ಲಿ ಕ್ಯಾಸಿನಿ ನೌಕೆ ಹೊತ್ತೊಯ್ದ ಹ್ಯೂಜೆನ್ಸ್ ಶೋಧಕ 2005ರ ಜನವರಿ 14ರಂದು ಟೈಟನ್ ಮೇಲೆ ಇಳಿದದ್ದನ್ನು ಎರಡೆರಡು ಸಲ ಬರೆದುಕೊಂಡಿದ್ದರು.

ಅವರ 'ಡಿಮೆನ್ಷಿಯಾ'ದ ಮುಕ್ಕಾಲು ಪಾಲು ಅಲ್ಲೇ ಬಗೆಹರಿಯಿತು. ಹೆಸರು ನಾಲಿಗೆಯ ತುದಿಯಲ್ಲಿ ನಿಂತು ಹೊರಬರದ ಸ್ಥಿತಿಯನ್ನು ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಷ್ಟು ಹಿಂದೆಯೇ ಪ್ರಯೋಗಕ್ಕೆ ಒಳಪಡಿಸಿದ್ದರು. ಅಂಥ ಹೊತ್ತಿನಲ್ಲಿ ಪದದ ಮೊದಲ ಅಕ್ಷರ, ಎಷ್ಟು ಉಚ್ಚಾರಾಂಶ ಎಂಬುದೆಲ್ಲ ಜನರಿಗೆ ಎಷ್ಟೋ ಸಲ ಸರಿಯಾಗಿಯೇ ಹೊಳೆದಿರುತ್ತದೆ, ಪದ ಮಾತ್ರ ಸಿಗುವುದಿಲ್ಲ. ಅದೇ ಜಾತಿಯ ಇನ್ನೊಂದು ಹೆಸರು ಈಚೆಗೆ ತಲೆಗೆ ಹೋಗಿದ್ದರೆ ಅದು ಬಾಗಿಲಿಗೆ ಅಡ್ಡ ನಿಂತುಬಿಡುತ್ತದೆ. ಹಿಂದಿನ ರಾತ್ರಿ ಓದಿದ ಟೈಟನ್, ಇಪ್ಪತ್ತು ವರ್ಷದಿಂದ ಗೊತ್ತಿದ್ದ ಗ್ಯಾನಿಮೀಡನ್ನು ತಡೆಹಿಡಿದಿತ್ತು. ಜೊತೆಗೆ ಒತ್ತಡ. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರಿದಾಗ ಕಲಿತದ್ದು ಅಳಿಸಿಹೋಗುವುದಿಲ್ಲ, ಹೆಕ್ಕಿ ತೆಗೆಯುವುದು ಕಷ್ಟವಾಗುತ್ತದೆ. ಅವರು ಬಜರ್ ಒತ್ತಿದ್ದೂ ಉತ್ತರ ಸಿಕ್ಕಿದ ಮೇಲಲ್ಲ, 'ಇದು ನನಗೆ ಗೊತ್ತು' ಎಂಬ ಅನಿಸಿಕೆ ಬಂದಾಗ. ಪಳಗಿದ ಸ್ಪರ್ಧಿಗಳೆಲ್ಲ ಮಾಡುವುದು ಅದನ್ನೇ. ಉತ್ತರ ಸಿಗುವವರೆಗೆ ಕಾದರೆ ಪಕ್ಕದವರು ಒತ್ತಿಬಿಟ್ಟಿರುತ್ತಾರೆ. ಆ ಅನಿಸಿಕೆ ಹೆಚ್ಚಿನ ಸಲ ನಿಜವಾಗುತ್ತದೆ, ಕೆಲವು ಸಲ ಕೈಕೊಡುತ್ತದೆ. ಆಟದ ಲೆಕ್ಕವೇ ಹಾಗಿದೆ.

ನರರೋಗ ತಜ್ಞರ ಬಳಿ ಹೋಗುವ ಕಾರಣವೇನೂ ನನಗೆ ಕಾಣಲಿಲ್ಲ, ಹಾಗೆಂದೇ ಹೇಳಿದೆ. ಅವರ ಮುಖ ಸಡಿಲವಾಗಬೇಕಿತ್ತು. ಆಗಲಿಲ್ಲ. ಮರೆವಿನ ಭಯಕ್ಕೆ ಉತ್ತರ ಸಿಕ್ಕಿದರೂ ವ್ಯಕ್ತಿ ಹಾಗೇ ಕುಗ್ಗಿ ಕೂತಿದ್ದರೆ ಆ ಭಯ ಬೇರೇನನ್ನೋ ಮರೆಮಾಡುತ್ತಿದೆ ಎಂದರ್ಥ.

ವಿಷಯ ಹೀಗಿತ್ತು. ಇಂಥ ಕಾರ್ಯಕ್ರಮಗಳ ಚಿತ್ರೀಕರಣ ಮೊದಲೇ ಮುಗಿದಿರುತ್ತದೆ, ಪ್ರಸಾರ ವಾರಗಳ ನಂತರ. ಅಲ್ಲಿಯವರೆಗೆ ಫಲಿತಾಂಶ ಬಾಯಿಬಿಡುವಂತಿಲ್ಲ ಎಂದು ಸ್ಪರ್ಧಿಗಳಿಂದ ಸಹಿ ಹಾಕಿಸಿಕೊಂಡಿರುತ್ತಾರೆ. ಇವರ ಎಪಿಸೋಡ್ ಬರಲು ಇನ್ನೂ ಮೂರು ವಾರವಿತ್ತು. ಗಂಡ ಕೇಳಿದಾಗ "ಚೆನ್ನಾಗಿ ಆಯ್ತು ಕಣ್ರೀ, ಜಾಸ್ತಿ ಕೇಳ್ಬೇಡಿ" ಎಂದಿದ್ದರು. ಅವರು ಅದನ್ನು ಗೆಲುವೆಂದೇ ತಿಳಿದುಕೊಂಡರು. ಕೆಲಸದ ಜಾಗದಲ್ಲಿ ದೊಡ್ಡ ಪರದೆ ಹಾಕಿ ಎಲ್ಲರೂ ಒಟ್ಟಿಗೆ ನೋಡುವ ಏರ್ಪಾಡು ನಡೆಯುತ್ತಿತ್ತು. ಪ್ರೋಮೊದಲ್ಲಿ ಬಜರ್ ಒತ್ತುತ್ತಿರುವ ಅವರದೇ ಮುಖ. ದಿನಕ್ಕೆ ಹತ್ತು ಜನ ನಗುತ್ತ ಕೈಕುಲುಕುತ್ತಾರೆ. ಸೋಲನ್ನು ಎಲ್ಲರ ಜೊತೆ ಹಂಚಿಕೊಂಡವರಿಗೆ ಎರಡನೆಯ ದಿನದಿಂದ ಒಂದಿಷ್ಟು ಹಗುರವಾಗುತ್ತದೆ. ಇವರದು ಗುಟ್ಟಿನ ಸೋಲು. ಇನ್ನೂ ನಡೆಯದ ಅವಮಾನವನ್ನು ಪ್ರತಿರಾತ್ರಿ ಮುಂಗಡವಾಗಿ ಅನುಭವಿಸುತ್ತಿದ್ದರು.

"ಆ ಭಾಗ ಕತ್ತರಿಸಿ ಅಂತ ಚಾನೆಲ್‌ನವರಿಗೆ ಬರೆಯಲಾ?" ಎಂದು ಕೇಳಿದರು. ಬೇಡವೆಂದೆ. ಪಂದ್ಯದ ತೀರ್ಪು ನಿಂತಿರುವುದೇ ಆ ಉತ್ತರದ ಮೇಲೆ, ಅದನ್ನು ಯಾರೂ ತೆಗೆಯುವುದಿಲ್ಲ. ಬೇಡಿಕೊಂಡು 'ಇಲ್ಲ' ಎನ್ನಿಸಿಕೊಂಡರೆ ನೋಯಲು ಇನ್ನೊಂದು ಕಾರಣ ಹುಟ್ಟುತ್ತದೆ, ಅಷ್ಟೇ.

ನಾನು ಬೇರೆ ಪತ್ರ ಬರೆಸಿದೆ. ಕಾರ್ಯಕ್ರಮದ ತಂಡಕ್ಕೆ ಎರಡೇ ಸಾಲು: ಕರಾರಿನ ಪ್ರಕಾರ ಜೀವನಸಂಗಾತಿಗೆ ಫಲಿತಾಂಶ ಹೇಳಬಹುದೇ? ಒಂದೇ ಮನೆಯಲ್ಲಿ ವಾಸಿಸುವವರಿಗೆ ಹೇಳಬಹುದು, ಅವರೂ ಹೊರಗೆ ಬಿಡಬಾರದು ಎಂದು ಉತ್ತರ ಬಂತು. ಎಲ್ಲ ಕರಾರುಗಳೂ ಹೀಗೇ ಇರಬೇಕೆಂದಿಲ್ಲ. ಆದರೆ ಕೇಳದೆ ಸುಮ್ಮನೆ ನರಳುವವರೇ ಹೆಚ್ಚು. ಅಂದೇ ರಾತ್ರಿ ಗಂಡನಿಗೆ ಹೇಳಿದರು. ಅವರು, "ಅಯ್ಯೋ, ಇದಕ್ಕಾ ಇಷ್ಟು ದಿನ ಊಟ ಬಿಟ್ಟಿದ್ದು?" ಅಂದರಂತೆ. ಆ ಮಾತಿಗೆ ಇವರಿಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಮುಂದಿನ ಭೇಟಿಯಲ್ಲಿ ನಾವು ಹೆಚ್ಚು ಹೊತ್ತು ಮಾತಾಡಿದ್ದು ಆ ಸಿಟ್ಟಿನ ಬಗ್ಗೆಯೇ.

ಮನೆಯಲ್ಲಿ, ಕೆಲಸದಲ್ಲಿ, ನೆಂಟರ ನಡುವೆ ಅವರು 'ಎಲ್ಲ ಗೊತ್ತಿರುವವರು'. ಯಾವ ವಾದವಿದ್ದರೂ ಕೊನೆಗೆ "ಅವರನ್ನೇ ಕೇಳೋಣ" ಎನ್ನುತ್ತಿದ್ದರು. ಆ ಪಟ್ಟ ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂಬುದು ಗಂಡನಿಗೆ ತಿಳಿದಿರಲಿಲ್ಲ. ತಮಗೂ ತಿಳಿದಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು.

ಆಗ ಅವರಿಗೆ 1977ರ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಲೀ ರಾಸ್, ತೆರೇಸಾ ಅಮಾಬಿಲೆ, ಜೂಲಿಯಾ ಸ್ಟೈನ್‌ಮೆಟ್ಜ್ ಎಂಬ ಸಂಶೋಧಕರು ವಿದ್ಯಾರ್ಥಿಗಳನ್ನು ಜೋಡಿಗಳಾಗಿ ಕೂರಿಸಿ, ಯಾದೃಚ್ಛಿಕವಾಗಿ ಒಬ್ಬರನ್ನು ಪ್ರಶ್ನೆ ಕೇಳುವವರನ್ನಾಗಿಯೂ ಇನ್ನೊಬ್ಬರನ್ನು ಸ್ಪರ್ಧಿಯನ್ನಾಗಿಯೂ ಮಾಡಿದರು. ಕೇಳುವವರು ತಮಗೆ ಗೊತ್ತಿರುವುದರಿಂದಲೇ ಕಠಿಣ ಪ್ರಶ್ನೆಗಳನ್ನು ಹೆಣೆಯಬೇಕು. ಸಹಜವಾಗಿಯೇ ಸ್ಪರ್ಧಿಗಳು ಎಡವಿದರು. ಕೊನೆಯಲ್ಲಿ 'ಯಾರಿಗೆ ಹೆಚ್ಚು ಸಾಮಾನ್ಯ ಜ್ಞಾನ?' ಎಂದು ಕೇಳಿದಾಗ, ಕೇಳುವವರಿಗೇ ಹೆಚ್ಚು ಎಂದು ಸ್ಪರ್ಧಿಗಳು ಹೇಳಿದರು, ನೋಡುತ್ತ ಕೂತಿದ್ದವರೂ ಹಾಗೇ ಹೇಳಿದರು. ಪಾತ್ರ ಹಂಚಿಕೆಯಾದದ್ದು ಅವರ ಕಣ್ಣೆದುರೇ, ಆದರೂ!

ನಿರೂಪಕರ ಎದುರು ತಾನು ದಡ್ಡಿಯಂತೆ ಕಂಡೆ ಎಂಬ ಅವರ ಕೊರಗಿಗೆ ಇದು ಮದ್ದಾಗಲಿ ಎಂದು ನಾನು ಹೇಳಿದ್ದು. ಉತ್ತರವಿರುವ ಕಾರ್ಡು ನಿರೂಪಕರ ಕೈಯಲ್ಲಿತ್ತಲ್ಲ. ಅವರು ಮಾತ್ರ ಅದನ್ನು ಬೇರೆ ಕಡೆಗೆ ಒಯ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮನೇಲಿ ಪ್ರಶ್ನೆ ಕೇಳೋ ಕುರ್ಚಿ ಯಾವಾಗಲೂ ನಂದೇ ಆಗಿತ್ತು, ಅಲ್ವಾ ಮೇಡಂ?" ಎಂದರು.

ಮಗನಿಗೆ ಹದಿನಾಲ್ಕು ವರ್ಷ. ಚಿಕ್ಕಂದಿನಿಂದ ಊಟದ ಹೊತ್ತಿಗೆ ಅವನಿಗೆ ಪ್ರಶ್ನೆ ಕೇಳುವುದು ಅವರ ರೂಢಿ. ಎರಡು ವರ್ಷದಿಂದ ಅವನು ತಟ್ಟೆ ಹಿಡಿದು ತನ್ನ ಕೋಣೆಗೆ ಹೋಗುತ್ತಾನೆ. ಹರೆಯದ ಹುಡುಗ, ಫೋನ್ ಹುಚ್ಚು ಎಂದುಕೊಂಡಿದ್ದರು. ಇರಬಹುದು. ಆದರೆ ಅವರನ್ನು ಕಾಡುತ್ತಿದ್ದ ಭಯದಲ್ಲಿ ಎಲ್ಲಕ್ಕಿಂತ ಚೂಪಾದದ್ದು, ಆ ಎಪಿಸೋಡ್ ನೋಡಿ ಮಗ ನಗುತ್ತಾನೆ ಎಂಬುದು. ಪ್ರೇಕ್ಷಕರ ಸಂಖ್ಯೆ ಲಕ್ಷಗಟ್ಟಲೆ ಇರಬಹುದು, ಅವರ ಎದೆಯಲ್ಲಿ ಕೂತಿದ್ದ ಪ್ರೇಕ್ಷಕ ಒಬ್ಬನೇ.

ಇಂಥ ಕಡೆ ಸಲಹೆಗಾರರು 'ನಿಮ್ಮನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ' ಎನ್ನುವುದುಂಟು. ಅದಕ್ಕೆ ಆಧಾರವಾಗಿ ಸಂಶೋಧನೆಯೂ ಇದೆ. ನಮ್ಮ ಎಡವಟ್ಟನ್ನು ಇತರರು ಗಮನಿಸುತ್ತಾರೆಂದು ನಾವು ಊಹಿಸುವುದಕ್ಕಿಂತ ನಿಜವಾಗಿ ಗಮನಿಸುವವರು ಬಹಳ ಕಡಿಮೆ ಎಂದು 2000ದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ತೋರಿಸಿದ್ದಾರೆ. ನಾನು ಅದನ್ನು ಬಳಸಲಿಲ್ಲ. ಟಿವಿಯಲ್ಲಿ ನಿಂತವರ ಮೇಲೆ ನಿಜವಾಗಿಯೇ ದೀಪ ಬಿದ್ದಿರುತ್ತದೆ. ಗಮನಿಸುತ್ತಾರೆ, ತುಣುಕು ಕತ್ತರಿಸಿ ಹಂಚುತ್ತಾರೆ, ಮೀಮ್ ಮಾಡುವವರೂ ಇರುತ್ತಾರೆ. ಸುಳ್ಳು ಸಮಾಧಾನ ಪ್ರಸಾರದ ದಿನವೇ ಒಡೆದುಹೋಗುತ್ತದೆ. ಅಮೆರಿಕದ ರಸಪ್ರಶ್ನೆ ಕಾರ್ಯಕ್ರಮ 'ಜೆಪರ್ಡಿ'ಯಲ್ಲಿ 2004ರಲ್ಲಿ ಸತತ 74 ಪಂದ್ಯ ಗೆದ್ದು 75ನೆಯದರಲ್ಲಿ ಸೋತ ಕೆನ್ ಜೆನ್ನಿಂಗ್ಸ್, ಮುಂದೆ ಅದೇ ಕಾರ್ಯಕ್ರಮದ ನಿರೂಪಕರಾದ ಕಥೆಯನ್ನು ಈ ಗ್ರಂಥಪಾಲಕಿಯೇ ನನಗೆ ಹೇಳಿದರು. "ನಾನು 74 ಗೆದ್ದಿಲ್ಲವಲ್ಲ" ಎಂದೂ ಸೇರಿಸಿದರು. ಸರಿಯಾದ ಮಾತೇ.

ಕೊಟ್ಟ ಸಲಹೆಗಳು ಸಾದಾ. ಪರದೆಯ ಕೂಟಕ್ಕೆ ನಯವಾಗಿ ಬೇಡವೆನ್ನುವುದು, ಕಾರಣ ವಿವರಿಸುವ ಅಗತ್ಯವಿಲ್ಲ. "ಮನೆಯಲ್ಲೇ ನೋಡ್ತೀವಿ" ಸಾಕು. ಪ್ರಸಾರವಾದ ಮೇಲೆ ಕೇಳುವವರಿಗೆ ಒಂದೇ ಉತ್ತರ ಸಿದ್ಧವಿರಲಿ ಎಂದೆ. ಹಲವು ಬಗೆಯಲ್ಲಿ ಬರೆದು, ಜೋರಾಗಿ ಹೇಳಿ ನೋಡಿ ಕೊನೆಗೆ ಉಳಿದದ್ದು: "ಗೊತ್ತಿತ್ತು, ಆ ಹೊತ್ತಿಗೆ ಬರಲಿಲ್ಲ. ಆಟ ಮಾತ್ರ ಖುಷಿ ಕೊಟ್ಟಿತು." ಇದರ ಹಿಂದೆ ಬಜರ್, ಟೈಟನ್, ನಿದ್ದೆ ಎಂದು ಸಮಜಾಯಿಷಿ ಜೋಡಿಸಬಾರದು. ಸಮಜಾಯಿಷಿ ಉದ್ದವಾದಷ್ಟೂ ಎದುರಿನವರ ಕರುಣೆ ಹೆಚ್ಚುತ್ತದೆ, ಆ ಕರುಣೆಯನ್ನೇ ಅವರಿಗೆ ಸಹಿಸಲಾಗದು. ಮೊದಲ ಮೂರು ದಿನ ಕಾಮೆಂಟ್ ಓದುವ ಕೆಲಸ ಗಂಡನದು. ಉತ್ತರಿಸಲೇಬೇಕಾದದ್ದಿದ್ದರೆ ಅವರು ತಿಳಿಸಬೇಕು, ಉಳಿದದ್ದನ್ನು ಓದಿ ಹೇಳಬಾರದು. ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ಕೆಲಸಕ್ಕೆ ಹೋಗಲು ಕಾಲೇ ಬಾರದಿದ್ದರೆ, ಬದುಕೇ ಬೇಡವೆನ್ನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು, ಇದನ್ನು ಗಂಡನಿಗೂ ಹೇಳಿಡಿ ಎಂದೆ. ಅವರಿಗೆ ಅದರ ಅಗತ್ಯ ಬೀಳಲಿಲ್ಲ.

ಮುಂದೆ ಮತ್ತೆ ಸ್ಪರ್ಧೆಗಿಳಿಯುವವರಿಗಾಗಿ, ಕೇಳಿದ್ದಕ್ಕೆ ಹೇಳಿದ್ದನ್ನು ಇಲ್ಲಿ ದಾಖಲಿಸುತ್ತೇನೆ. ಕೊನೆಯ ಎರಡು ದಿನ ಹೊಸ ಪಟ್ಟಿ ಮುಟ್ಟಬೇಡಿ, ಅದರಲ್ಲೂ ಹಳೆಯದಕ್ಕೆ ಹತ್ತಿರದ ಹೆಸರುಗಳಿರುವುದನ್ನು. ಓದಿದ್ದನ್ನೇ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ನಡೆಸಿದ ಪ್ರಯೋಗಗಳಲ್ಲಿ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮರುಓದಿನವರು ಮುಂದಿದ್ದರೂ, ವಾರದ ಬಳಿಕ ನೆನಪಿಸಿಕೊಂಡು ಕಲಿತವರೇ ಮೇಲುಗೈ ಸಾಧಿಸಿದರು. ಅಭ್ಯಾಸವನ್ನು ನಿಂತುಕೊಂಡು, ಕೈಯಲ್ಲಿ ಏನಾದರೊಂದನ್ನು ಬಜರಿನಂತೆ ಹಿಡಿದು, ಯಾರಾದರೂ ನೋಡುತ್ತಿರುವಾಗ ಮಾಡಿ. ಹೆಸರು ಸಿಕ್ಕಿಕೊಂಡಾಗ ತಪ್ಪು ಹೆಸರನ್ನು ತಳ್ಳಲು ಹೆಣಗಬೇಡಿ, ಅದು ಇನ್ನೂ ಗಟ್ಟಿಯಾಗುತ್ತದೆ. ಉಸಿರು ಬಿಟ್ಟು ಪಕ್ಕದ ದಾರಿ ಹಿಡಿಯಿರಿ: ಯಾವ ಗ್ರಹದ್ದು, ಜೊತೆಗೆ ಯಾವ ಮೂರು ಉಪಗ್ರಹಗಳು, ಕಂಡವರು ಯಾರು. ಅಯೋ, ಯುರೋಪಾ, ಕ್ಯಾಲಿಸ್ಟೊ ಎನ್ನುವಷ್ಟರಲ್ಲಿ ನಾಲ್ಕನೆಯದು ತಾನಾಗಿ ಬರುವ ಸಾಧ್ಯತೆ ಹೆಚ್ಚು.

ಮಗನ ವಿಷಯಕ್ಕೆ ಒಂದೇ ಕೆಲಸ ಕೊಟ್ಟಿದ್ದೆ. ಪ್ರಸಾರಕ್ಕೆ ಮೊದಲು ಅವನಿಗೂ ತಾವೇ ಹೇಳಬೇಕು, ಆಮೇಲೆ ಒಂದು ತಿಂಗಳು ಪ್ರಶ್ನೆ ಕೇಳುವ ಸರದಿ ಅವನದು. ಗೊತ್ತಿಲ್ಲದಿದ್ದಾಗ ಅವರು "ಗೊತ್ತಿಲ್ಲ" ಎಂದಷ್ಟೇ ಹೇಳಬೇಕು, "ಆದ್ರೆ ಇದು ಗೊತ್ತಾ ನಿಂಗೆ?" ಎಂದು ತಿರುಗಿ ಕೇಳುವಂತಿಲ್ಲ. ಮೂರು ವಾರದಲ್ಲಿ ಅವರಿಗೆ ಅತಿ ಕಷ್ಟವಾದ ಸಲಹೆ ಇದೇ ಆಗಿತ್ತು.

ಎಪಿಸೋಡ್ ಬಂತು. ನಗುವವರು ನಕ್ಕರು, ಒಬ್ಬ ಸಹೋದ್ಯೋಗಿ ವಾರಗಟ್ಟಲೆ 'ಟೈಟನ್ ಮೇಡಂ' ಎಂದು ಕರೆದರಂತೆ. ಅದಕ್ಕೆ ಮೊದಮೊದಲು ಮೈ ಉರಿಯುತ್ತಿತ್ತು, ಈಗ ಕಡಿಮೆ ಎಂದರು. ಪೂರ್ತಿ ಹೋಗಿಲ್ಲ. ಮಗ ನೋಡಿದ, ನಕ್ಕ. ಆಮೇಲೆ, "ಅಮ್ಮ, ಪ್ರಶ್ನೆ ಮುಗಿಯೋ ಮೊದ್ಲೇ ಯಾಕೆ ಒತ್ತಿದ್ದು?" ಎಂದು ಕೇಳಿದ. ಬಜರ್ ಒತ್ತುವ ಲೆಕ್ಕಾಚಾರವನ್ನು ಅವನಿಗೆ ವಿವರಿಸುತ್ತ ಹೋದರು, ಮಾತು ಬೆಳೆಯಿತು. ಕೊನೆಗೆ ರೂಢಿಯ ಪ್ರಕಾರ ಅವರೇ ಪ್ರಶ್ನೆಯೊಂದನ್ನು ಎಸೆದರು, ಅವನು ಎದ್ದು ಹೋದ. ಮುಂದಿನ ಭೇಟಿಗೆ ಗಂಡನನ್ನೂ ಮಗನನ್ನೂ ಕರೆತರುವುದಾಗಿ ಹೇಳಿದ್ದಾರೆ. ಮಗ ಇನ್ನೂ ಒಪ್ಪಿಲ್ಲ.