ಎಸ್.ಪಿ. ರೋಡಿನ ರೀಫರ್ಬಿಶ್ಡ್ ಮಾನಿಟರ್: ಗೀರು ಬಿಡಿ, ಬ್ಯಾಕ್‌ಲೈಟ್ ನೋಡಿ

ಸರ್, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸಕ್ಕೆ ಅಂತ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಡೆಲ್ ಪಿ2419ಎಚ್ ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಮಾನಿಟರ್ ನೋಡಿ ಬಂದಿದ್ದೀರಿ, ಅಂಚಿನ ಪ್ಲಾಸ್ಟಿಕ್ ಮೇಲೆ ಗೀರುಗಳಿವೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಗೀರಿಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಕ್‌ಲೈಟ್ (ಪರದೆಯ ಹಿಂದಿನಿಂದ ಬೆಳಗುವ ದೀಪ) ಚೆನ್ನಾಗಿದ್ದರೆ ಧಾರಾಳವಾಗಿ ತಗೊಳ್ಳಿ.

ಮಾಡೆಲ್ ಒಳ್ಳೆಯದೇ. 23.8 ಇಂಚು, ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪ್ಯಾನೆಲ್, 1920×1080 ಪಿಕ್ಸೆಲ್ (ಪರದೆಯ ಚುಕ್ಕೆಗಳು). ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ವಿಜಿಎ ಮೂರೂ ಬಗೆಯ ಕೇಬಲ್ ಹಾಕಬಹುದು. ಸ್ಟ್ಯಾಂಡ್ ಮೇಲೆ ಕೆಳಗೆ ಆಡುತ್ತದೆ, ಪರದೆಯನ್ನು ಉದ್ದಕ್ಕೆ ತಿರುಗಿಸಿ ಎ4 ಪುಟ ಪೂರ್ತಿ ನೋಡಬಹುದು. ಸ್ಪೀಕರ್ ಇಲ್ಲ. ಆದರೆ ಇಂಥವು ಹೆಚ್ಚಾಗಿ ಕಂಪನಿಗಳಿಂದ ಒಟ್ಟಿಗೆ ಹೊರಬಂದ ಮಾಲು, ವರ್ಷಗಟ್ಟಲೆ ಬೆಳಗಿಂದ ಸಂಜೆವರೆಗೆ ಉರಿದಿರುತ್ತವೆ. ಹಾಗಾಗಿ ಸವೆಯುವುದು ಬ್ಯಾಕ್‌ಲೈಟೇ.

ಅಂಗಡಿಯಲ್ಲಿ ಮೊದಲು ಮೆನು ತೆರೆದು ಬ್ರೈಟ್‌ನೆಸ್ ಎಷ್ಟಕ್ಕೆ ಇಟ್ಟಿದ್ದಾರೆ ನೋಡಿ. 100ರಲ್ಲಿಟ್ಟರೆ ಸುಸ್ತಾದ ಪರದೆಯೂ ಬೆಳ್ಳಗೆ ಕಾಣುತ್ತದೆ. ಬಿಳಿ ಪುಟ ತೆರೆದು 50ಕ್ಕೆ ಇಳಿಸಿ. ಅಂಗಡಿಯ ಟ್ಯೂಬ್‌ಲೈಟ್ ಬೆಳಕಲ್ಲೂ ಆರಾಮಾಗಿ ಓದೋಕೆ ಆದರೆ ಇನ್ನೂ ಆಯಸ್ಸಿದೆ. 100ರಲ್ಲೇ ಮಂಕಾಗಿದ್ದರೆ, ಮೂಲೆಗಳು ಹಳದಿಗೆ ತಿರುಗಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಹಾಗೇ ಅರ್ಧ ಗಂಟೆ ಆನ್ ಇಡಲು ಹೇಳಿ. ಪವರ್ ಸಪ್ಲೈನ ಕೆಪಾಸಿಟರ್ ಎಂಬ ಬಿಡಿಭಾಗ ಸೊರಗಿದ್ದರೆ ಬಿಸಿಯಾದ ಮೇಲೆ ಮಿನುಗುವುದು, ಆಫ್ ಆಗಿ ಮತ್ತೆ ಬರುವುದು ಶುರುವಾಗಬಹುದು. ಐದು ನಿಮಿಷದಲ್ಲಿ ಇದು ಗೊತ್ತಾಗಲ್ಲ.

ಕಪ್ಪು, ಬಿಳಿ, ಬೂದು, ಕೆಂಪು, ಹಸಿರು, ನೀಲಿ ಬಣ್ಣದ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಪೂರ್ತಿ ಪರದೆಗೆ ಹಾಕಿ. ಬಿಳಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಡೆಡ್ ಪಿಕ್ಸೆಲ್, ಅಂದರೆ ಬೆಳಗದೆ ಸತ್ತ ಚುಕ್ಕೆ. ಮೂಲೆಯಲ್ಲಿ ಒಂದಿದ್ದರೆ ಚೌಕಾಸಿ ಮಾಡಿ ತಗೊಳ್ಳಿ, ನಡುಮಧ್ಯದಲ್ಲಿದ್ದರೆ ದಿನವಿಡೀ ಕಣ್ಣು ಅಲ್ಲಿಗೇ ಹೋಗುತ್ತದೆ, ಬಿಡಿ. ಬೂದು ಬಣ್ಣ ಹಾಕಿದಾಗ ಕೆಳಗೆ ಟಾಸ್ಕ್‌ಬಾರ್‌ನ ನೆರಳು ಉಳಿದಿದೆಯಾ ಅಂತಲೂ ನೋಡಿ. ಆಮೇಲೆ ಆಫ್ ಮಾಡಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸ್ಪಿರಿಟ್ ಹಾಕಿ ಒರೆಸಿ ಕೋಟಿಂಗ್ ಹೋಗಿದ್ದರೆ ತೇಪೆ ತೇಪೆಯಾಗಿ ಕಾಣುತ್ತದೆ. ಅದು ಸರಿಹೋಗುವಂಥದ್ದಲ್ಲ.

ನಿಮ್ಮ ಕೆಲಸಕ್ಕೆ ಇನ್ನೊಂದು ಪರೀಕ್ಷೆ ಮಾಡಲೇಬೇಕು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪುಟವನ್ನು 10 ಪಾಯಿಂಟ್‌ನಲ್ಲಿ ತೆರೆದು 'ಲಕ್ಷ್ಮಿ', 'ಸ್ತ್ರೀ' ಥರದ ಪದಗಳ ಒತ್ತು ನೋಡಿ. ಒತ್ತು ಕಲಸಿದಂತಿದ್ದರೆ ಮಾನಿಟರನ್ನು ದೂರುವ ಮೊದಲು ಕೇಬಲ್ ನೋಡಿ, ಹಳೇ ಬಗೆಯ ವಿಜಿಎ ಹಾಕಿರಬಹುದು, ಅದರಲ್ಲಿ ಅಕ್ಷರ ಮಸುಕಾಗಬಹುದು. ಎಚ್‌ಡಿಎಂಐ ಹಾಕಿಸಿ, ರೆಸಲ್ಯೂಶನ್ 1920×1080ಕ್ಕೆ ಇಟ್ಟು ಮತ್ತೆ ಓದಿ. ದಿನಕ್ಕೆ ಹತ್ತಾರು ಪುಟ ಕರಡು ತಿದ್ದುವ ಕಣ್ಣಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಹಿಂದಿನ ಸ್ಟಿಕ್ಕರ್‌ನಲ್ಲಿ ತಯಾರಾದ ತಿಂಗಳು, ಸರ್ವಿಸ್ ಟ್ಯಾಗ್ (ಡೆಲ್ ಕೊಡುವ ಗುರುತಿನ ನಂಬರ್) ಇರುತ್ತವೆ. ಟ್ಯಾಗನ್ನು ಡೆಲ್ ವೆಬ್‌ಸೈಟ್‌ನಲ್ಲಿ ಹಾಕಿದರೆ ಮಾಡೆಲ್, ವಾರಂಟಿ ಎರಡೂ ಗೊತ್ತಾಗುತ್ತವೆ. ಅದೇ ನಂಬರ್ ಮತ್ತು ಅಂಗಡಿಯವರು ಹೇಳುವ ವಾರಂಟಿ ಅವಧಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಊರಿಗೆ ಬಸ್ಸಲ್ಲಿ ತರುವುದಾದರೆ ಡಿಕ್ಕಿಗೆ ಹಾಕಬೇಡಿ. ಸ್ಟ್ಯಾಂಡ್ ಬಿಚ್ಚಿ, ಪರದೆಗೆ ರಟ್ಟು ಕಟ್ಟಿಸಿ, ನೆಟ್ಟಗೆ ನಿಲ್ಲಿಸಿಕೊಂಡು ಸೀಟಿನ ಹತ್ತಿರವೇ ಇಟ್ಟುಕೊಳ್ಳಿ.