ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ ವಿಡಿಯೊ ಪಾಠ

ಮಾಸ್ತರೇ, ಶಿರಸಿ ಕಡೆಯ ನಿಮ್ಮ ಶಾಲೆಗೆ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗೋದಿಲ್ಲ, ವಿಜ್ಞಾನದ ವಿಡಿಯೊ ತೋರಿಸೋದು ಹೇಗೆ ಅಂತ ಕೇಳಿದ್ದೀರಿ. ಕಾರವಾರದಲ್ಲಿ ನಮ್ಮದೂ ಅದೇ ಪಾಡು. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರಕಾರದ ಕಲಿಕೆಯ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET), ಅಂದರೆ ಪರದೆ ಮೇಲೆ ಮಕ್ಕಳೇ ಮಾಡಿ ನೋಡುವ ವಿಜ್ಞಾನದ ಪ್ರಯೋಗಗಳು. 2002ರಲ್ಲಿ ಶುರುವಾದದ್ದು, ಉಚಿತ, ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಫೈಲ್ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ವಿದ್ಯುತ್ ಮಂಡಲದ ಪ್ರಯೋಗದಲ್ಲಿ ಮಕ್ಕಳೇ ತಂತಿ ಜೋಡಿಸಿ ಬಲ್ಬ್ ಹೊತ್ತಿಸುತ್ತಾರೆ. ಬಲ್ಬ್ ಬಿಟ್ಟು ಬ್ಯಾಟರಿಯ ಎರಡೂ ತುದಿ ಸೇರಿಸಿದರೆ ಪರದೆ ಮೇಲೆ ಬೆಂಕಿ ಏಳುತ್ತದೆ. ಹಿಂದಿನ ಬೆಂಚಿನವರೂ ಎದ್ದು ನಿಲ್ತಾರೆ!

ಹಂಚಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರ್ ಕೇಳೋದೇ ಇಲ್ಲ. ಹಾಗಾಗಿ ಧ್ವನಿ ತೆಗೆದು, ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ನಾನೇ ಹೇಳ್ತೇನೆ. ಅದೇ ಒಳ್ಳೇದಾಯ್ತು ಅನ್ನಿ. ಉಬ್ಬರವಿಳಿತದ ವಿಡಿಯೊ ನಿಲ್ಲಿಸಿದಾಗ ಮೀನುಗಾರರ ಮನೆಯ ಹುಡುಗನೊಬ್ಬ, "ಕಾಳಿ ಹೊಳೆಗೆ ಭರತಿ (ಉಬ್ಬರ) ದಿನಾ ತಡ ಆಗಿ ಬರ್ತದಲ್ಲ, ಯಾಕೆ?" ಅಂದ. ದಿನಕ್ಕೆ ಸುಮಾರು 50 ನಿಮಿಷ ತಡ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ, ನೀರನ್ನು ಸೆಳೆಯುವ ಚಂದ್ರ ಮುಂದೆ ಸರಿದಿರುತ್ತಾನೆ; ಅವನನ್ನು ಹಿಡಿಯಲು ಅಷ್ಟು ಹೊತ್ತು ಹೆಚ್ಚು ಬೇಕು. ವಿಡಿಯೊದಲ್ಲಿ ಅದಿರಲಿಲ್ಲ, ಗ್ಲೋಬ್ ಹಿಡಿದು ತೋರಿಸಿದೆ.

ಲ್ಯಾಪ್‌ಟಾಪ್ ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿ. ನಿಮ್ಮ ಕಡೆ ಕರೆಂಟು ಹೇಳಿ ಹೋಗೋದಿಲ್ಲವಲ್ಲ.